ಸಡಿಲ ಧರ್ಮವೂ ಅನ್ಯಮತಗಳ ಸಹವಾಸವೂ



ಕಳೆದ ಚಾತುರ್ಮಾಸ್ಯದಲ್ಲಿ ಒಂದು ಸಂಜೆ ಭಾಗವತ ಪ್ರವಚನ ಮುಗಿದು, ಮಂಗಳಾರತಿಯಾಗಿ, ಜನರು ಪ್ರಸಾದಕ್ಕೆಂದು ಏಳುತ್ತಿದ್ದರು. ನಮ್ಮ ದೇವಸ್ಥಾನಕ್ಕೆ ತಪ್ಪದೆ ಬರುವ ಗೃಹಸ್ಥರೊಬ್ಬರ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ತರುಣ, ಹತ್ತಿರ ಬಂದು ಕೇಳಿದನು: "ಆಚಾರ್ಯರೇ, ತಪ್ಪು ತಿಳಿಯಬಾರದು. ನಮ್ಮ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೇವೆ. ಒಬ್ಬ ಮುಸಲ್ಮಾನ, ಒಬ್ಬ ಕ್ರೈಸ್ತ, ಮತ್ತೆ ನಾನು. ಎಲ್ಲ ದೇವರೂ ಒಂದೇ ಎಂದುಕೊಂಡು ಹಾಯಾಗಿದ್ದೇವೆ, ಜಗಳವಿಲ್ಲ. ಏಕಾದಶಿ, ಮುದ್ರೆ, ತಾರತಮ್ಯ ಎಂದು ಹಿಡಿದು ಕುಳಿತರೆ ಹೀಗೆ ಜೊತೆಯಲ್ಲಿ ಬಾಳಲಾದೀತೇ?"

ತಂದೆಯವರ ಮುಖ ಕೆಂಪಾಯಿತು. ಅವರನ್ನು ಸಮಾಧಾನಪಡಿಸಿ ಕೂರಿಸಿದೆವು. ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಇಂದು ಅನೇಕ ಮಾಧ್ವ ಮನೆಗಳಲ್ಲಿ ಮಕ್ಕಳ ಮನಸ್ಸಿನಲ್ಲಿರುವ, ಆದರೆ ಹಿರಿಯರ ಮುಂದೆ ಬಾಯಿಗೆ ಬಾರದ ಪ್ರಶ್ನೆಯೇ ಅದು. ಅಂದು ಕೊಟ್ಟ ಉತ್ತರ ಅರ್ಧದಲ್ಲಿಯೇ ನಿಂತಿತು. ಉಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ನ್ಯಾಯವಾಗಿ ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ಈ ಸಡಿಲವಾದ ಧರ್ಮ ಯಾರನ್ನೂ ಹೊಡೆಯುವುದಿಲ್ಲ, ಯಾರಿಗೂ ಕುಡಿಯುವ ನೀರನ್ನು ನಿರಾಕರಿಸುವುದಿಲ್ಲ. ಪಂಚಭೇದವನ್ನು ಬಾಯಿಪಾಠ ಮಾಡಿ, ಅದರಿಂದ ನೆರೆಯವನ ಮೇಲಿನ ತಾತ್ಸಾರವನ್ನಷ್ಟೇ ಕಲಿತವರು ನಮ್ಮಲ್ಲಿ ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಮಡಿಯ ಹೆಸರಿನಲ್ಲಿ ಆಡಿದ ಕಟು ಮಾತುಗಳನ್ನು ಕೇಳಿ ಬೇಸತ್ತ ಮಕ್ಕಳು "ಎಲ್ಲವೂ ಒಂದೇ" ಎಂಬ ನೆರಳಿಗೆ ಓಡಿದರೆ ತಪ್ಪು ಅವರದೊಂದೇ ಅಲ್ಲ.

ಆದರೆ ಕೇಳಿದ ಪ್ರಶ್ನೆ ಸಹವಾಸದ್ದು. ಸಹವಾಸಕ್ಕೆ ಇಬ್ಬರು ಬೇಕು. ಭಗವಂತನಿಗೆ ಯಾವ ಪ್ರತಿಮೆಯೂ ಸಲ್ಲದೆಂದು ಮುಸಲ್ಮಾನನು ನಂಬುತ್ತಾನೆ. ದೇವರು ಮನುಷ್ಯನಾಗಿ ಒಮ್ಮೆ ಭೂಮಿಗಿಳಿದು ಶಿಲುಬೆಯಲ್ಲಿ ಪ್ರಾಣಕೊಟ್ಟನೆಂದು ಕ್ರೈಸ್ತನು ನಂಬುತ್ತಾನೆ. ಜಗತ್ತಿಗೆ ಸೃಷ್ಟಿಕರ್ತನೇ ಇಲ್ಲವೆಂದು ಜೈನನ ಸಿದ್ಧಾಂತ. ಶ್ರೀಹರಿಯೇ ಸರ್ವೋತ್ತಮ, ಜೀವರು ಅವನಿಂದ ಭಿನ್ನರು, ಅವನ ಅಧೀನರು ಎಂದು ನಾವು ಹೇಳುತ್ತೇವೆ. ಈ ನಾಲ್ವರ ನಡುವೆ ನಿಂತು "ನೀವೆಲ್ಲರೂ ಹೇಳುವುದು ಒಂದೇ" ಎಂದರೆ, ತನ್ನ ಮಾತನ್ನು ಇವನು ಕೇಳಿಯೇ ಇಲ್ಲವೆಂದು ನಾಲ್ವರಿಗೂ ಅನಿಸದಿರದು. ಹೊರಗಿನಿಂದ ನೋಡಲು ಅದು ವಿನಯದಂತೆ ತೋರುತ್ತದೆ. ಅವರವರ ಮತದ ತಾತ್ಪರ್ಯ ಅವರಿಗಿಂತ ತನಗೇ ಚೆನ್ನಾಗಿ ತಿಳಿದಿದೆ ಎಂಬ ಹಮ್ಮು ಮಾತ್ರ ಅದರೊಳಗೆ ಅಡಗಿರುತ್ತದೆ.

ಯಾರು ಹೇಗೆ ತನ್ನನ್ನು ಶರಣುಹೊಂದುವರೋ ಅವರನ್ನು ಹಾಗೆಯೇ ಅನುಗ್ರಹಿಸುವೆನೆಂದು ಭಗವಂತನು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದ್ದಾನಲ್ಲ, ಅದೇ ಸರ್ವಧರ್ಮ ಸಮಾನತೆಗೆ ಪ್ರಮಾಣವೆಂದು ಭಾಷಣಗಳಲ್ಲಿ ಕೇಳುತ್ತೇವೆ. ನಿಧಾನವಾಗಿ ನೋಡಿದರೆ, ಶರಣುಹೋಗುವ ರೀತಿ ಬೇರೆಯಾದಂತೆ ಫಲವೂ ಬೇರೆ ಎಂಬುದೇ ಅಲ್ಲಿಯ ಅಭಿಪ್ರಾಯ. ಏಳನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಭಕ್ತನು ಯಾವ ಮೂರ್ತಿಯನ್ನು ಶ್ರದ್ಧೆಯಿಂದ ಅರ್ಚಿಸಬಯಸುವನೋ, ಅದರಲ್ಲಿಯೇ ಅವನ ಶ್ರದ್ಧೆಯನ್ನು ತಾನು ಅಚಲವಾಗಿ ನಿಲ್ಲಿಸುವೆನೆಂದು ಭಗವಂತನ ವಚನ. ಪರರ ಶ್ರದ್ಧೆಯನ್ನು ಅವನೇ ನಿಲ್ಲಿಸುತ್ತಿರುವಾಗ ಅದನ್ನು ಕೀಳಲು ನಾವು ಯಾರು?

ಭೇದವೆಂಬ ಶಬ್ದವನ್ನು ಕೇಳಿದೊಡನೆ ಇಂದಿನವರು ವೈರವೆಂದು ತಿಳಿಯುತ್ತಾರೆ. ಶ್ರೀಮದಾಚಾರ್ಯರು ಬೋಧಿಸಿದ ಭೇದ ವಸ್ತುಸ್ಥಿತಿ. ಜೀವ ಜೀವರಲ್ಲಿ ಭೇದವುಂಟು, ಒಬ್ಬನ ಸ್ವಭಾವ ಮತ್ತೊಬ್ಬನದಲ್ಲ. ಪ್ರತಿಯೊಬ್ಬನೊಳಗೂ ಬಿಂಬರೂಪಿಯಾದ ಶ್ರೀಹರಿ ನೆಲೆಸಿದ್ದಾನೆ. ಸ್ವಭಾವ ಅನಾದಿಯೆಂದ ಮೇಲೆ, ಕತ್ತಿಯಿಂದಲೋ ಹಣದಿಂದಲೋ ಒಬ್ಬನನ್ನು ಮತ್ತೊಂದು ಮತಕ್ಕೆ ತಿರುಗಿಸುವ ಪ್ರಯತ್ನಕ್ಕೆ ತತ್ತ್ವವಾದದಲ್ಲಿ ಅರ್ಥವೇ ಇಲ್ಲ. ಹಾಗಾದರೆ ಜೀವರು ತ್ರಿವಿಧರೆಂಬ ನಿಮ್ಮ ಸಿದ್ಧಾಂತದ ಗತಿಯೇನು, ಅದರಲ್ಲಿ ತಾಮಸರೆಂಬ ಪಂಗಡವಿದೆಯಲ್ಲ, ಎಂದು ವಿಮರ್ಶಕರು ಕೇಳುವುದುಂಟು. ಕೇಳಲಿ. ಸಿದ್ಧಾಂತ ಇರುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಯಾವ ಜೀವ ಯಾವ ಪಂಗಡದ್ದೆಂಬ ಲೆಕ್ಕ ಶ್ರೀಹರಿಯ ಕೈಯಲ್ಲಿದೆ. ಓಣಿಯಲ್ಲಿ ನಿಂತು ನೆರೆಮನೆಯವರಿಗೆ ಹೆಸರಿಡುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ. ಹುಟ್ಟಿದ ಮತವನ್ನು ನೋಡಿ ತಾಮಸನೆನ್ನುವವನು ಶಾಸ್ತ್ರವನ್ನು ಸರಿಯಾಗಿ ಓದಿದವನಲ್ಲ.

ನಮ್ಮ ಪರಂಪರೆ ವಾದದ ಪರಂಪರೆ. ಶ್ರೀ ವ್ಯಾಸರಾಜರು ನ್ಯಾಯಾಮೃತವನ್ನು ರಚಿಸಿದರು. ಅದ್ವೈತಿಗಳಾದ ಮಧುಸೂದನ ಸರಸ್ವತಿಗಳು ಅದಕ್ಕೆ ಅದ್ವೈತಸಿದ್ಧಿಯಲ್ಲಿ ಉತ್ತರವಿತ್ತರು. ನಮ್ಮ ರಾಮಾಚಾರ್ಯರು ಅದಕ್ಕೆ ತರಂಗಿಣಿಯಲ್ಲಿ ಪ್ರತ್ಯುತ್ತರ ಬರೆದರು. ಎದುರಾಳಿಯ ಗ್ರಂಥವನ್ನು ಪಂಕ್ತಿ ಪಂಕ್ತಿಯಾಗಿ ಓದಿ, ಅವನ ವಾಕ್ಯವನ್ನು ಅವನಷ್ಟೇ ಚೆನ್ನಾಗಿ ತಿಳಿದು, ಆಮೇಲೆ ಇಲ್ಲವೆನ್ನುವುದು ಸಣ್ಣ ಗೌರವವಲ್ಲ. ಓದದೆಯೇ "ಅದೂ ಸರಿ, ಇದೂ ಸರಿ" ಎನ್ನುವುದು ಸುಲಭ. ಅದರಲ್ಲಿ ಗೌರವವೆಷ್ಟು, ಆಲಸ್ಯವೆಷ್ಟು ಎಂದು ತೂಗಿ ನೋಡಬೇಕು.

ಶ್ರೀ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಬರುವ ಪ್ರಸಂಗ ವಾಚಕರಿಗೆ ತಿಳಿದದ್ದೇ. ಶ್ರೀಮದಾಚಾರ್ಯರು ಶಿಷ್ಯರೊಡನೆ ಗಂಗೆಯನ್ನು ದಾಟಿ ತುರುಷ್ಕ ರಾಜನ ಸೀಮೆಯನ್ನು ಸೇರಿದಾಗ ಸೈನಿಕರು ಅಡ್ಡಗಟ್ಟಿದರು. ಆಚಾರ್ಯರು ರಾಜನೊಡನೆ ಅವನ ಭಾಷೆಯಲ್ಲಿಯೇ ಸಂಭಾಷಿಸಿದರು, ತಮ್ಮನ್ನು ರಕ್ಷಿಸುವವನು ಜಗತ್ತನ್ನೆಲ್ಲ ಬೆಳಗುವ ಪ್ರಭುವೆಂದು ನಿರ್ಭಯವಾಗಿ ತಿಳಿಸಿದರು. ರಾಜನು ಪ್ರಸನ್ನನಾದನು. ಸಿದ್ಧಾಂತವನ್ನು ಎಳ್ಳಷ್ಟೂ ಬಿಡದವರು ಪರರ ಭಾಷೆಯನ್ನಾಡಲು ಹಿಂಜರಿಯಲಿಲ್ಲವೆಂಬುದನ್ನು ಗಮನಿಸಬೇಕು.

ಅಷ್ಟು ದೂರವೇಕೆ, ಧರ್ಮಸ್ಥಳಕ್ಕೆ ಹೋಗದ ಮಾಧ್ವ ಕುಟುಂಬ ಕರ್ನಾಟಕದಲ್ಲಿ ವಿರಳ. ಹಿಂದೆ ಆ ಊರಿಗೆ ಕುಡುಮವೆಂದು ಹೆಸರು. ಧರ್ಮದೈವಗಳ ಅಪ್ಪಣೆಯಂತೆ ಅಣ್ಣಪ್ಪ ದೈವವು ಕದ್ರಿಯಿಂದ ಮಂಜುನಾಥನ ಲಿಂಗವನ್ನು ತಂದಿತೆಂದು ಐತಿಹ್ಯ. ಹದಿನಾರನೆಯ ಶತಮಾನದಲ್ಲಿ ಜೈನರಾದ ದೇವರಾಜ ಹೆಗ್ಗಡೆಯವರು ಸೋದೆಯ ಶ್ರೀ ವಾದಿರಾಜತೀರ್ಥರನ್ನು ಅಲ್ಲಿಗೆ ಬರಮಾಡಿಕೊಂಡರು. ಲಿಂಗವು ವೈದಿಕ ವಿಧಿಯಿಂದ ಪ್ರತಿಷ್ಠಿತವಾಗಿಲ್ಲವಾದ್ದರಿಂದ ತಾವು ಭಿಕ್ಷೆ ಸ್ವೀಕರಿಸಲಾಗದೆಂದರು ಗುರುಗಳು. ಮನೆಗೆ ಕರೆದವರ ಎದುರಿಗೇ ಹೇಳಿದ ಮಾತು! ಇಂದಿನ ಹಾಯಾದ ಧರ್ಮದವರಾಗಿದ್ದರೆ, "ಇರಲಿ ಬಿಡಿ, ಎಲ್ಲವೂ ನಡೆಯುತ್ತದೆ" ಎಂದು ಉಂಡೆದ್ದು ಹೋಗುತ್ತಿದ್ದರು. ಅಲ್ಲಿಗೆ ಆ ಸಂಬಂಧವೂ ಮುಗಿಯುತ್ತಿತ್ತು. ಹೆಗ್ಗಡೆಯವರು ಮುನಿಯಲಿಲ್ಲ. ತಾವೇ ಪ್ರತಿಷ್ಠೆ ನೆರವೇರಿಸಿಕೊಡಬೇಕೆಂದು ಪ್ರಾರ್ಥಿಸಿದರು. ಗುರುಗಳು ನೆರವೇರಿಸಿದರು, ಕ್ಷೇತ್ರಕ್ಕೆ ಧರ್ಮಸ್ಥಳವೆಂಬ ಹೆಸರು ಬಂದಿತು. ಇಂದಿಗೂ ಆಡಳಿತ ಜೈನ ಮನೆತನದ್ದು, ದೇವರು ಮಂಜುನಾಥ, ಅರ್ಚಕರು ಮಾಧ್ವರು, ಮೇಲೆ ಧರ್ಮದೈವಗಳ ಕಾವಲು. 1982ರಲ್ಲಿ ಅಲ್ಲಿಯೇ 39 ಅಡಿಯ ಬಾಹುಬಲಿಯ ಪ್ರತಿಷ್ಠೆಯೂ ಆಯಿತು. ಹೆಗ್ಗಡೆಯವರು ವೈಷ್ಣವರಾಗಲಿಲ್ಲ, ನಮ್ಮ ಅರ್ಚಕರು ಜೈನರಾಗಲಿಲ್ಲ. ಅಷ್ಟು ಶತಮಾನಗಳಿಂದ ಅನ್ನದಾನ ಮಾತ್ರ ಒಂದೇ ಸಮನೆ ನಡೆದಿದೆ.

ನಮ್ಮ ಕಾಲದಲ್ಲಿಯೂ, ಶ್ರೀಮನ್ನ್ಯಾಯಸುಧೆಯನ್ನು ಹಲವು ಬಾರಿ ಪಾಠ ಹೇಳಿದ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು 2017ರಲ್ಲಿ, ತಮ್ಮ ಐದನೆಯ ಪರ್ಯಾಯದ ಅವಧಿಯಲ್ಲಿ, ಉಡುಪಿಯ ಮಠದ ಭೋಜನಶಾಲೆಯಲ್ಲಿ ರಂಜಾನ್ ಉಪವಾಸಿಗಳಿಗೆ ಉಪಾಹಾರ ನೀಡಿಸಿದರು. ವಿವಾದವೆದ್ದಿತು, ಅದನ್ನಿಲ್ಲಿ ಮತ್ತೆ ಕೆದಕುವುದಿಲ್ಲ. ಸಿದ್ಧಾಂತದಲ್ಲಿ ಅವರು ಸಡಿಲರೆಂದು ಅವರ ವಿರೋಧಿಗಳೂ ಹೇಳಿದ್ದಿಲ್ಲ.

ಇಂತಹ ದೊಡ್ಡವರ ಮಾತಿನ ಜೊತೆಗೆ ನಮ್ಮ ಬಾಲ್ಯದ ಸಣ್ಣ ಸಂಗತಿಯನ್ನು ಹೇಳಲು ವಾಚಕರ ಅನುಮತಿಯಿರಲಿ. ದಕ್ಷಿಣ ಕನ್ನಡದ ನಮ್ಮ ಹಳ್ಳಿಯಲ್ಲಿ ಬೇಲಿಯಾಚೆ ಒಂದು ಕ್ರೈಸ್ತ ಕುಟುಂಬವಿತ್ತು. ಮಳೆಗಾಲದಲ್ಲಿ ಅವರ ಹಿತ್ತಲಿನ ಮುಳ್ಳುಸೌತೆ ನಮ್ಮ ಮನೆಗೆ ಬರುತ್ತಿತ್ತು. ಆದರೆ ಶಾಕವ್ರತದ ತಿಂಗಳಲ್ಲಿ ಬಾಯಮ್ಮನವರು ಒಂದು ಮಿಡಿಯನ್ನೂ ಕಳುಹಿಸುತ್ತಿರಲಿಲ್ಲ. ವ್ರತ ಮುಗಿದ ಮರುದಿನ ಬುಟ್ಟಿ ತುಂಬ ಬರುತ್ತಿತ್ತು. ಯಾವ ಪಂಚಾಂಗ ನೋಡುತ್ತಿದ್ದರೋ ದೇವರೇ ಬಲ್ಲ! ಗುಡ್ ಫ್ರೈಡೇ ದಿನ ಅಂಗಳದಲ್ಲಿ ಗಟ್ಟಿಯಾಗಿ ಆಟವಾಡಕೂಡದೆಂದು ನಮ್ಮ ತಾಯಿಯವರು ನಮ್ಮನ್ನು ಗದರುತ್ತಿದ್ದರು. ಒಬ್ಬರು ಇನ್ನೊಬ್ಬರ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಇಂದು ಅದನ್ನು ಆಕ್ಷೇಪಿಸುವವರಿದ್ದಾರೆ, ಅಂದಿನದೆಲ್ಲವನ್ನೂ ನಾವು ಸಮರ್ಥಿಸಹೊರಟಿಲ್ಲ. ತಾನೂ ಉಪವಾಸ ಮಾಡುವವರಿಗೆ ಪರರ ಉಪವಾಸದ ಕಷ್ಟ ತಿಳಿದಿತ್ತೆಂಬುದಷ್ಟೇ ನಾವು ಕಂಡದ್ದು.

ಅಂದು ಸಂಜೆ ಇಷ್ಟನ್ನೂ ಹೇಳಲಾಗಲಿಲ್ಲ. ಮುಳ್ಳುಸೌತೆಯ ಕಥೆ ಮುಗಿಯುತ್ತಲೇ ಆ ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ರಂಜಾನಿನಲ್ಲಿ ನನ್ನ ಸ್ನೇಹಿತ ನಮಗೆ ಎಚ್ಚರವಾಗಬಾರದೆಂದು ಬೆಳಗಿನ ಜಾವ ದೀಪ ಹಾಕದೆ, ಮೊಬೈಲಿನ ಬೆಳಕಿನಲ್ಲಿ ಊಟ ಮಾಡುತ್ತಿದ್ದ. ಒಂದು ದಿನ, ನಿಮ್ಮಲ್ಲಿ ಉಪವಾಸ ಇಲ್ಲವೇ ಎಂದು ಕೇಳಿದ. ತಿಂಗಳಿಗೆ ಎರಡು ಇದೆ, ನಾನು ಮಾಡುವುದಿಲ್ಲ ಎಂದೆ. ಅವನು ಏನೂ ಅನ್ನಲಿಲ್ಲ. ಆದರೆ ಅವನಿಗೆ ಬೇಸರವಾದಂತೆ ಕಂಡಿತು. ಏಕೆಂದು ನನಗೆ ಇವತ್ತಿನವರೆಗೆ ತಿಳಿದಿಲ್ಲ."

ನಾವೂ ವಿವರಿಸಲು ಹೋಗಲಿಲ್ಲ. ಹೊರಡುವಾಗ ಅವನು, ಬೆಂಗಳೂರಿಗೆ ಒಯ್ಯಲು ಒಂದು ಪಂಚಾಂಗ ಬೇಕೆಂದನು. ನಮ್ಮ ಮಠದ್ದನ್ನೇ ಕೊಡಿಸಿರೆಂದರು ತಂದೆಯವರು. ಅಲ್ಲಿಯವರೆಗೆ ಸುಮ್ಮನಿದ್ದ ತಾಯಿಯವರು, "ನಮ್ಮ ತವರಿನ ಮಠದ ಪಂಚಾಂಗದಲ್ಲಿ ಕಳೆದ ಸಲ ಏಕಾದಶಿ ಮರುದಿನ ಇತ್ತು" ಎಂದರು. ತಂದೆ, ತಾಯಿ, ಮಗ ಮೂವರೂ ಅದೇ ಚರ್ಚೆಯನ್ನು ಮುಂದುವರಿಸುತ್ತ ಪ್ರಸಾದದ ಪಂಕ್ತಿಗೆ ಹೋದರು.