ಹಕ್ಕಲಿಲ್ಲದ ಹೊಲ

ಹಕ್ಕಲು ಎಂಬ ಮಾತು ನಗರದ ಓದುಗರಲ್ಲಿ ಅನೇಕರಿಗೆ ಮರೆತುಹೋಗಿರಬಹುದು. ಕಿರಿಯರಲ್ಲಿ ಹಲವರು ಅದನ್ನು ಕೇಳಿಯೇ ಇರಲಾರರು. ಬೆಳೆ ಕೊಯ್ದು, ರಾಶಿ ಮಾಡಿ, ಒಡೆಯನು ಕಾಳನ್ನು ಮನೆಗೆ ಸಾಗಿಸಿದ ಮೇಲೆ ಹೊಲದಲ್ಲಿ ಒಂದಿಷ್ಟು ಉಳಿದಿರುತ್ತದೆ. ಕುಡುಗೋಲಿಗೆ ಸಿಗದ ತೆನೆ, ಉದುರಿದ ಕಾಳು, ನೆಲದಲ್ಲಿ ಹುದುಗಿದ ಶೇಂಗಾ ಕಾಯಿ. ಹೊಲವಿಲ್ಲದವರು ಬಂದು ಇವನ್ನು ಆಯ್ದುಕೊಂಡು ಹೋಗುವುದಕ್ಕೆ ಹಕ್ಕಲು ಆಯುವುದು ಎಂದು ಹೆಸರು. ಇದಕ್ಕೆ ಕಾಗದಪತ್ರವಿಲ್ಲ, ಪಹಣಿಯ ಯಾವ ಕಲಮಿನಲ್ಲೂ ಇದರ ಉಲ್ಲೇಖವಿಲ್ಲ. ಆದರೂ ಹಕ್ಕಲಿಗೆ ಬಂದ ಮುದುಕಿಯನ್ನು ಹೊಲದಿಂದ ಅಟ್ಟಿದವನನ್ನು ಊರು ಒಳ್ಳೆಯವನೆಂದು ಕರೆಯುತ್ತಿರಲಿಲ್ಲ.

ಈ ಹಳೆಯ ಮಾತನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನೆಲದಿಂದ ಕಾಳನ್ನು ಮಾತ್ರವಲ್ಲ, ವಿದ್ಯುತ್ತನ್ನೂ ಬೆಳೆಯಬೇಕೆಂಬುದು ಇಂದು ಸರಕಾರಗಳ ಧೋರಣೆಯಾಗಿದೆ. ಪರಿಸರವನ್ನು ಉಳಿಸುವ ಈ ಹೊಸ ಬೆಳೆ ಹೊಲಕ್ಕೆ ಬಂದಾಗ ಹೊಲದ ಒಡೆಯನಿಗೆ ಏನು ಸಲ್ಲಬೇಕೆಂಬುದನ್ನು ಸರಕಾರ ಎಕರೆಯ ಲೆಕ್ಕದಲ್ಲಿ ಗೊತ್ತುಮಾಡುತ್ತದೆ. ಹಕ್ಕಲು ಆಯುತ್ತಿದ್ದವರಿಗೆ ಏನು ಸಲ್ಲಬೇಕು? ಅಥವಾ ಅವರಿಗೆ ಏನಾದರೂ ಸಲ್ಲಬೇಕೆ? ಇದು ಆಡಳಿತದ ಪ್ರಶ್ನೆಯಂತೆ ಕಂಡರೂ ಮೂಲತಃ ಧರ್ಮದ ಪ್ರಶ್ನೆ.

ಸೌರಶಕ್ತಿ ಬೇಡವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ರಾಯಚೂರಿನ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲು ಉರಿಯುತ್ತ ಬಂದಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲೂ ಉರಿಯುತ್ತಿದೆ. ಬೂದಿ ಹತ್ತಿರದ ಊರುಗಳ ಪಾಲಿಗೆ, ಬೆಳಕು ದೂರದ ಊರುಗಳ ಪಾಲಿಗೆ ಎಂಬುದು ಕಲ್ಲಿದ್ದಲಿನ ನ್ಯಾಯ. ವಾತಾವರಣ ಕೆಟ್ಟು ಮಳೆ ತನ್ನ ಲೆಕ್ಕ ತಪ್ಪಿದಾಗ ಮೊದಲ ಪೆಟ್ಟು ತಿನ್ನುವವನೂ ಕಲಬುರಗಿಯಂಥ ಮಳೆಯಾಶ್ರಿತ ಸೀಮೆಯ ರೈತನೇ. ೨೦೨೨-೨೩ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿಗೆ ನೆಟೆ ರೋಗ ತಗುಲಿ, ಕಾಯಿ ಕಟ್ಟುವ ಹೊತ್ತಿಗೆ ಹೊಲ ಹೊಲವೇ ಒಣಗಿ ನಿಂತದ್ದನ್ನು ಕಂಡವರು ಮರೆಯಲಾರರು. ಆದುದರಿಂದ ಬಿಸಿಲಿನಿಂದ ವಿದ್ಯುತ್ತು ಪಡೆಯುವ ಕೆಲಸ ನಡೆಯಬೇಕಾದದ್ದೇ. ಪ್ರಶ್ನೆ ಇರುವುದು ಅದು ನಡೆಯುವ ರೀತಿಯಲ್ಲಿ.

ಆ ರೀತಿಯನ್ನು ನೋಡಲು ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಬೇಕು. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಸೌರ ಫಲಕಗಳು ಹಾಸಿಕೊಂಡಿವೆ. ೨೦೧೮ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಈ ಸ್ಥಾವರಕ್ಕೆ ಶಕ್ತಿ ಸ್ಥಳ ಎಂದು ಹೆಸರಿಟ್ಟಿದ್ದಾರೆ. ಅದರ ಸಾಮರ್ಥ್ಯ ೨,೦೦೦ ಮೆಗಾವಾಟಿಗೂ ಮೀರಿದ್ದು. ಇಲ್ಲಿ ಸರಕಾರ ನಡೆದುಕೊಂಡ ಬಗೆಯಲ್ಲಿ ಒಂದು ವಿಶೇಷವಿದೆ. ಅದು ರೈತರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ದೀರ್ಘಕಾಲದ ಗೇಣಿಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಒಡೆತನ ರೈತನ ಹೆಸರಿನಲ್ಲೇ ಉಳಿಯಿತು. ಅಣೆಕಟ್ಟುಗಳಿಗೂ ಕಾರಖಾನೆಗಳಿಗೂ ನೆಲ ಕಳೆದುಕೊಂಡು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರ ಕಥೆ ಬಲ್ಲ ನಾಡಿನಲ್ಲಿ ಇದು ಮೆಚ್ಚತಕ್ಕ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ.

ಪಾವಗಡ ಬರಕ್ಕೆ ಹೆಸರಾದ ಸೀಮೆ. ಕಡಲೆಕಾಯಿ ಬಿತ್ತಿ, ಆಕಾಶ ನೋಡಿ, ಬೀಜದ ಖರ್ಚೂ ಹುಟ್ಟದೆ ಬೆಂಗಳೂರಿಗೆ ಕೂಲಿಗೆ ಹೋದ ರೈತನಿಗೆ ವರ್ಷ ವರ್ಷವೂ ತಪ್ಪದೆ ಬರುವ ಗೇಣಿ ಸಣ್ಣ ಸಮಾಧಾನವಲ್ಲ. ಬೆಳೆಯನ್ನು ಸುಡುತ್ತಿದ್ದ ಬಿಸಿಲೇ ಅವನಿಗೆ ಬೆಳೆಯಾಯಿತು. ಅವನು ನೆಲವನ್ನು ಗೇಣಿಗೆ ಕೊಟ್ಟನೆಂದು ನಗರದಲ್ಲಿ ಫ್ಯಾನಿನ ಕೆಳಗೆ ಕುಳಿತು ಹಳಿಯುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಹೊಲವೆಂಬುದು ಒಡೆಯನೊಬ್ಬನ ಬದುಕಲ್ಲ. ಬಿತ್ತುವಾಗ ಒಬ್ಬರು, ಕಸ ತೆಗೆಯುವಾಗ ಹತ್ತು ಮಂದಿ, ಕಾಯಿ ಬಿಡಿಸುವಾಗ ಇಪ್ಪತ್ತು ಮಂದಿ ಆ ಹೊಲಕ್ಕೆ ಬರುತ್ತಿದ್ದರು. ಬೆಳೆ ಎದ್ದ ಮೇಲೆ ಕುರಿ ದನ ಬರುತ್ತಿದ್ದವು. ಕೊನೆಗೆ ಹಕ್ಕಲಿನವರು ಬರುತ್ತಿದ್ದರು. ಸೌರ ಫಲಕಗಳ ಸುತ್ತ ಬೇಲಿಯಿದೆ. ಒಳಗೆ ಕಾವಲಿಗೆ, ಹುಲ್ಲು ಕೀಳಲಿಕ್ಕೆ, ಫಲಕ ತೊಳೆಯಲಿಕ್ಕೆ ಜನ ಬೇಕು, ನಿಜ. ಹದಿಮೂರು ಸಾವಿರ ಎಕರೆಯ ಬೇಸಾಯಕ್ಕೆ ಬೇಕಾಗುತ್ತಿದ್ದಷ್ಟು ಜನ ಬೇಕಿಲ್ಲ. ಗೇಣಿಯ ಹಣ ಪಹಣಿಯಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ಐವತ್ತು ಎಕರೆಯವನಿಗೆ ಐವತ್ತು ಪಾಲು, ಎರಡು ಎಕರೆಯವನಿಗೆ ಎರಡು ಪಾಲು, ಏನೂ ಇಲ್ಲದವನಿಗೆ ಏನೂ ಇಲ್ಲ.

ಪಾವಗಡದ ಮಾತು ರೋಜಾದವರಿಗೂ ಕಮಲಾಪುರದವರಿಗೂ ಏಕೆ ಎಂದು ಓದುಗರು ಕೇಳಬಹುದು. ಕಲಬುರಗಿಯ ಬಿಸಿಲು ಪಾವಗಡದ ಬಿಸಿಲಿಗೆ ಸೋಲುವಂಥದಲ್ಲವೆಂದು ಇಲ್ಲಿಯ ಮೇ ತಿಂಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಆದ ಏರ್ಪಾಡು ಇಲ್ಲಿಯೂ ಆಗಬಹುದು. ನಗರದ ರೋಜಾ ಬಡಾವಣೆಗೆ ಆ ಹೆಸರು ಬಂದದ್ದು ಖ್ವಾಜಾ ಬಂದೇ ನವಾಜರ ದರ್ಗಾದಿಂದ. ಆ ಶಬ್ದದ ಮೊದಲ ಅರ್ಥ ತೋಟ ಎಂದು. ಈ ಬಡಾವಣೆಯ ಒಂದು ಮನೆಯಲ್ಲಿ ಬೇಯುವ ಬೇಳೆಯ ಹಿಂದಿರುವ ಜನರನ್ನು ಎಣಿಸಿ ನೋಡಿ. ಕಮಲಾಪುರದ ಕಡೆಯ ಎರೆಭೂಮಿಯಲ್ಲಿ ತೊಗರಿ ಬಿತ್ತಿದವರು, ಕಸ ತೆಗೆದವರು, ಕೊಯ್ದವರು, ರಾಶಿ ಮಾಡಿದವರು, ಚೀಲ ಹೊತ್ತವರು, ದಾಲ್ ಮಿಲ್ಲಿನಲ್ಲಿ ದುಡಿದವರು. ಗುಲ್ಬರ್ಗಾ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಆ ಮಾನ್ಯತೆಯಲ್ಲಿ ಇವರೆಲ್ಲರ ಬೆವರೂ ಸೇರಿತ್ತು. ತೊಗರಿಯ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ, ಹೊಟ್ಟು ದನಕ್ಕೆ, ಕಟ್ಟಿಗೆ ಬಡವರ ಒಲೆಗೆ. ಹೊಲದಿಂದ ಶಕ್ತಿ ಪಡೆಯುವುದು ಈ ಸೀಮೆಗೆ ಹೊಸತೇನಲ್ಲ. ತೊಗರಿ ಕಟ್ಟಿಗೆಯ ಒಂದು ಹೊರೆಯೂ ಇಂಧನವೇ. ಹೊಲವಿಲ್ಲದವಳೂ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತರುತ್ತಿದ್ದಳು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಏಳುತ್ತದೆ. ಹಕ್ಕಲಾಗಲಿ, ಕಟ್ಟಿಗೆಯ ಹೊರೆಯಾಗಲಿ, ಬೆಳೆ ಎದ್ದ ಹೊಲದ ಮೇವಾಗಲಿ ಎಂದೂ ಹಕ್ಕಾಗಿರಲಿಲ್ಲ, ಒಡೆಯನ ಔದಾರ್ಯವಾಗಿತ್ತು. ಕೂಲಿಯೂ ಕೆಲಸ ಇರುವವರೆಗಿನ ಮಾತು. ತನ್ನ ನೆಲದಲ್ಲಿ ಬೇಸಾಯ ಬಿಡುವುದಕ್ಕೆ ಯಾರ ಅಪ್ಪಣೆಯೂ ಒಡೆಯನಿಗೆ ಬೇಕಿಲ್ಲ. ಇಲ್ಲದ ಹಕ್ಕು ಹೋಯಿತೆಂದು ಪರಿಹಾರ ಕೇಳುವುದು ಹೇಗೆ?

ಈ ವಾದ ಹಳೆಯದು. ಇಂಗ್ಲೆಂಡಿನ ನ್ಯಾಯಾಲಯವೊಂದು ೧೭೮೮ರಲ್ಲಿ ಇದನ್ನೇ ತೀರ್ಪಾಗಿ ಬರೆಯಿತು. ಸಫೋಕ್ ಪ್ರಾಂತದ ಟಿಮ್‌ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬಾಕೆ ಸ್ಟೀಲ್ ಎಂಬವನ ಹೊಲದಲ್ಲಿ ಹಕ್ಕಲು ಆಯ್ದಳು. ಆತ ದಾವೆ ಹೂಡಿದ. ಹಕ್ಕಲು ಆಯುವುದು ಬಡವರ ಹಕ್ಕಲ್ಲ, ಒಡೆಯನ ಅನುಗ್ರಹ ಮಾತ್ರ ಎಂದು ಹೆಚ್ಚಿನ ನ್ಯಾಯಾಧೀಶರು ಹೇಳಿದರು. ಒಬ್ಬರು ಮಾತ್ರ ಒಪ್ಪಲಿಲ್ಲ. ಊರೊಟ್ಟಿನ ಗೋಮಾಳಗಳಿಗೆ ಬೇಲಿ ಬೀಳುತ್ತಿದ್ದ ಕಾಲ ಅದು. ಬೇಲಿ ಹಾಕಿದವರು ಬೇಸಾಯದ ಸುಧಾರಣೆಗೆಂದೇ ಹಾಕಿದರು, ಇಳುವರಿಯೂ ಹೆಚ್ಚಿತು. ಬೇಲಿಯ ಹೊರಗೆ ಉಳಿದವರ ಲೆಕ್ಕವನ್ನು ಮಾತ್ರ ಆ ಸುಧಾರಣೆ ಇಡಲಿಲ್ಲ.

ನಮ್ಮ ಉತ್ತರ ಇದು. ಒಬ್ಬ ರೈತ ತನ್ನ ಹೊಲವನ್ನು ಬೀಳುಬಿಟ್ಟರೆ ಅಲ್ಲಿಗೆ ಕೂಲಿಗೆ ಹೋಗುತ್ತಿದ್ದವಳು ಪಕ್ಕದ ಹೊಲಕ್ಕೆ ಹೋಗುತ್ತಾಳೆ. ಒಬ್ಬನ ಔದಾರ್ಯ ಬತ್ತಿದರೆ ಮತ್ತೊಬ್ಬನ ಬಾಗಿಲು ತೆರೆದಿರುತ್ತದೆ. ಅಲ್ಲಿ ಅನ್ಯಾಯವಿಲ್ಲ, ಇದ್ದರೂ ಅದು ಸಣ್ಣದು. ಆದರೆ ಒಂದು ಸೀಮೆಯ ಹೊಲಗಳೆಲ್ಲ ಒಂದೇ ಯೋಜನೆಯಲ್ಲಿ, ಒಂದೇ ಕಾಲಕ್ಕೆ ಬೇಲಿಯೊಳಗೆ ಹೋದಾಗ ಪಕ್ಕದ ಹೊಲ ಎಂಬುದೇ ಇಲ್ಲವಾಗುತ್ತದೆ. ಅಲ್ಲಿಯವರೆಗೆ ನೂರು ಬಿಡಿ ಔದಾರ್ಯಗಳು ಕೂಡಿ ಬಡವನಿಗೆ ಒಂದು ಜೀವನೋಪಾಯವಾಗಿದ್ದವು. ಬಿಡಿಬಿಡಿಯಾಗಿ ನೋಡಿದರೆ ಅವು ದಯೆ. ಇಡಿಯಾಗಿ ನೋಡಿದರೆ ತಲೆಮಾರುಗಳು ನಂಬಿ ಬದುಕಿದ ವ್ಯವಸ್ಥೆ. ರೈತನು ಬಿಡಿಯನ್ನಷ್ಟೇ ಕೊಡಬಲ್ಲ, ಬಿಡಿಯನ್ನಷ್ಟೇ ಕಸಿಯಬಲ್ಲ. ಇಡಿಯನ್ನು ಎತ್ತಿಹಾಕುವ ಶಕ್ತಿ ಸರಕಾರಕ್ಕೆ ಮಾತ್ರ ಇದೆ. ಆ ಶಕ್ತಿಯನ್ನು ಬಳಸಿದವನಿಗೆ ಅದರ ಹೊಣೆಯೂ ಅಂಟಿಕೊಳ್ಳುತ್ತದೆ. ಒಡೆಯನ ಮೇಲೆ ಹಕ್ಕಲಿನವಳಿಗೆ ಹಕ್ಕಿರಲಿಲ್ಲ, ಒಪ್ಪೋಣ. ಯೋಜನೆಯ ಮೇಲೆ ಅವಳಿಗೆ ಹಕ್ಕಿದೆ.

ಇದೇ ಸರಕಾರದ ಹಿಂದಿನ ನಡೆಯನ್ನು ನೆನೆದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ೧೯೭೪ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಗೇಣಿಪದ್ಧತಿಯನ್ನು ರದ್ದುಮಾಡಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಕಲಬುರಗಿ ಸೀಮೆಯಲ್ಲಿ ಅದಕ್ಕೂ ಮುಂಚೆ, ಹೈದರಾಬಾದು ಸಂಸ್ಥಾನ ವಿಲೀನವಾದ ಮೇಲೆ, ೧೯೫೦ರ ಕಾನೂನು ಗೇಣಿದಾರರಿಗೆ ರಕ್ಷಣೆ ಕೊಟ್ಟಿತ್ತು. ಆ ಕಾನೂನುಗಳ ಹಿಂದೆ ಇದ್ದ ತತ್ತ್ವವೇನು? ನೆಲದ ಮೇಲಿನ ಅಧಿಕಾರ ಕಾಗದದಿಂದ ಮಾತ್ರ ಹುಟ್ಟುವುದಿಲ್ಲ, ದುಡಿಮೆಯಿಂದಲೂ ಹುಟ್ಟುತ್ತದೆ ಎಂಬುದು. ಅದೇ ಸರಕಾರ ಈಗ ತಾನೇ ಗೇಣಿದಾರನಾಗಿ ನಿಂತು, ಕಾಗದ ಇದ್ದವನಿಗೆ ಹಣ ಎಣಿಸಿ, ದುಡಿದವನತ್ತ ನೋಡದೆ ಹೋದರೆ ತನ್ನ ತತ್ತ್ವಕ್ಕೆ ತಾನೇ ತಪ್ಪಿದಂತೆ.

ಈ ಲಕ್ಷಣ ಸೌರ ಫಲಕಗಳಿಗೆ ಮೀಸಲಲ್ಲ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಕರ್ನಾಟಕ ೨೦೦೮ರಿಂದ ಉಚಿತ ವಿದ್ಯುತ್ತು ಕೊಡುತ್ತಿದೆ. ಬೋರ್‌ವೆಲ್ ಕೊರೆಸಲು ಹಣವಿದ್ದವನಿಗೆ ಆ ವಿದ್ಯುತ್ತು ವರ. ಅವನ ಪಂಪು ಆಳದ ನೀರು ಎತ್ತಿದಂತೆ ಪಕ್ಕದವನ ತೆರೆದ ಬಾವಿಯ ತಳ ಕಾಣುತ್ತದೆ. ಕೇಂದ್ರ ಸರಕಾರ ೨೦೧೯ರಿಂದ ವರ್ಷಕ್ಕೆ ೬,೦೦೦ ರೂಪಾಯಿ ಕೊಡುತ್ತಿರುವುದು ನೆಲವುಳ್ಳ ರೈತ ಕುಟುಂಬಗಳಿಗೆ. ಲಾವಣಿಗೋ ಪಾಲಿಗೋ ಮಾಡುವವನ ಹೆಸರು ಪಹಣಿಯಲ್ಲಿಲ್ಲ. ಇಂಗ್ಲೆಂಡಿನಲ್ಲಿಯೂ ಇಂದು ಇದೇ ಪೇಚು. ಅಲ್ಲಿ ೨೦೨೦ರ ಕೃಷಿ ಕಾಯಿದೆಯ ಮೇಲೆ ರೈತನಿಗೆ ಸಾರ್ವಜನಿಕ ಹಣ ಸಲ್ಲುವುದು ಎಕರೆಗೆ ಇಷ್ಟು ಎಂಬ ಲೆಕ್ಕದಲ್ಲಲ್ಲ. ನೆಲ, ನೀರು, ಗಿಡಮರಗಳಿಗೆ ಅವನು ಮಾಡುವ ಉಪಕಾರದ ಲೆಕ್ಕದಲ್ಲಿ. ಧ್ಯೇಯ ಒಳ್ಳೆಯದೇ. ಆದರೆ ಮರ ಬೆಳೆಸಲು, ಸೌರ ಫಲಕ ಹಾಕಲು ಜಮೀನ್ದಾರರು ನೆಲವನ್ನು ಹಿಂದಕ್ಕೆ ಪಡೆದರೆ ಗೇಣಿದಾರ ರೈತರ ಗತಿಯೇನು ಎಂಬ ಆತಂಕ ಎದ್ದು, ಅದನ್ನು ಪರಿಶೀಲಿಸಿದ ಬ್ಯಾರನೆಸ್ ರಾಕ್ ಅವರ ವರದಿ ೨೦೨೨ರಲ್ಲಿ ಹೊರಬಂತು. ದೇಶ ಬೇರೆ, ಬೆಳೆ ಬೇರೆ, ಪ್ರಶ್ನೆ ಒಂದೇ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಊರು ಸ್ವರ್ಗವಾಗಿತ್ತೆಂದು ಯಾರೂ ಭಾವಿಸಬಾರದು. ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಂತು ಪಡೆದ ಕಾಳಿನಲ್ಲಿ ಅವಮಾನವೂ ಬೆರೆತಿತ್ತು. ಯಾರು ಕಣದ ಒಳಗೆ ಬರಬಹುದು, ಯಾರು ಹೊರಗೆ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಹಕ್ಕಲಿನವಳ ಮೊಮ್ಮಗಳು ಹಕ್ಕಲು ಆಯಬೇಕಾಗಿ ಬಾರದಿರಲಿ ಎಂಬುದೇ ನಮ್ಮ ಆಶೆಯೂ ಆಗಬೇಕು. ಹಳೆಯ ದಯೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಉಪಾಯವಲ್ಲ. ದಯೆ ಹೋದ ಜಾಗದಲ್ಲಿ ಹಕ್ಕನ್ನು ನಿಲ್ಲಿಸಬೇಕು, ಬರಿಯ ಬೇಲಿಯನ್ನಲ್ಲ.

ಅದು ಅಸಾಧ್ಯವೂ ಅಲ್ಲ. ಗೇಣಿ ಗೊತ್ತುಮಾಡುವಾಗ ಅದರಲ್ಲಿ ಒಂದು ಪಾಲನ್ನು ಊರಿನ ಭೂಹೀನ ಕುಟುಂಬಗಳಿಗೆಂದು ತೆಗೆದಿಡಬಹುದು. ಯೋಜನೆ ಬರುವ ಮೊದಲೇ ಆ ನೆಲವನ್ನು ನಂಬಿ ಬದುಕಿದವರ ಪಟ್ಟಿಯನ್ನು ಗ್ರಾಮಸಭೆ ಮಾಡಬಹುದು. ಪಹಣಿಗೆ ಕಾಣದ ಹೆಸರುಗಳು ಗ್ರಾಮಸಭೆಗೆ ಕಾಣುತ್ತವೆ. ಫಲಕಗಳ ನಡುವೆ ಕುರಿ ಮೇಯಲು ಬಿಡಬಹುದು. ಕಂಬಗಳನ್ನು ಎತ್ತರಿಸಿ ಕೆಳಗೆ ಬೆಳೆ ತೆಗೆಯುವುದಕ್ಕೆ ೨೦೧೯ರ ಕುಸುಮ್ ಯೋಜನೆಯಲ್ಲೇ ಅವಕಾಶವಿದೆ. ಖರ್ಚು ಹೆಚ್ಚುತ್ತದೆ ಎನ್ನುವರು. ಹೆಚ್ಚಲಿ. ಈಗಲೂ ಆ ಖರ್ಚು ಇಲ್ಲವೆಂದಲ್ಲ. ಅದನ್ನು ಭೂಹೀನರು ಭರಿಸುತ್ತಿದ್ದಾರೆ, ನಮ್ಮ ಬಿಲ್ಲಿನಲ್ಲಿ ಅದು ಕಾಣುತ್ತಿಲ್ಲ, ಅಷ್ಟೆ.

ನಮ್ಮ ಬಿಲ್ಲು ಎಂದದ್ದು ಸುಮ್ಮನೆ ಅಲ್ಲ. ೨೦೨೩ರಿಂದ ಗೃಹಜ್ಯೋತಿ ಯೋಜನೆಯಂತೆ ತಿಂಗಳಿಗೆ ೨೦೦ ಯೂನಿಟ್ಟಿನ ಮಿತಿಯೊಳಗಿನ ಮನೆಬಳಕೆಗೆ ಅನೇಕರು ಹಣ ತೆರುತ್ತಿಲ್ಲ. ಅದು ಬೇಡವೆನ್ನುವ ಶ್ರೀಮಂತಿಕೆ ಮಧ್ಯಮ ವರ್ಗದ ಮನೆಗಳಲ್ಲಿಲ್ಲ. ಆದರೆ ಹಣ ತೆರದ ಬೆಳಕಿಗೂ ಒಂದು ಋಣವಿರುತ್ತದೆ; ಅದನ್ನು ಯಾರಿಗೆ ಸಲ್ಲಿಸಬೇಕೆಂದು ಕೇಳಿಕೊಳ್ಳುವುದು ನಾಗರಿಕನ ಕರ್ತವ್ಯ.

ಕಲಬುರಗಿಯ ಜನಕ್ಕೆ ಈ ಮಾತು ಹೊಸತಾಗಬಾರದು. ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹೊಲ ಮಾಡುತ್ತಿದ್ದವರು. ತೆನೆಗೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸದೆ, ಅವು ಕುಡಿಯಲೆಂದು ನೀರಿಟ್ಟರೆಂಬುದು ಈ ಸೀಮೆಯ ನಂಬಿಕೆ. ಅವರ ಹೆಸರಿನೊಡನೆ ದಾಸೋಹವೆಂಬ ಮಾತು ಇಂದಿಗೂ ಅಂಟಿಕೊಂಡಿದೆ. ಬಂದೇ ನವಾಜ್ ಎಂಬ ಬಿರುದಿಗೆ ಸೇವಕರಲ್ಲಿ ಕೃಪೆಯುಳ್ಳವನೆಂದೇ ಅರ್ಥ. ಈ ಇಬ್ಬರ ಬಾಗಿಲಿಗೂ ನಡೆದುಕೊಳ್ಳುವ ಊರಿನಲ್ಲಿ, ಹೊಲದ ಫಲ ಒಡೆಯನಿಗಷ್ಟೇ ಸೇರಿದ್ದಲ್ಲ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಇಂದಲ್ಲ ನಾಳೆ ಇಲ್ಲಿಯ ಎರೆಭೂಮಿಯನ್ನೂ ಬಿಸಿಲಿನ ಗೇಣಿಗೆ ಕೇಳಿಕೊಂಡು ಬರುವವರಿದ್ದಾರೆ. ಆಗ ಎಕರೆಗೆ ಎಷ್ಟು ಎಂದು ಕೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಎಕರೆಯಿಲ್ಲದವರಿಗೆ ಎಷ್ಟು ಎಂದೂ ಯಾರಾದರೂ ಕೇಳಬೇಕು; ಆ ಹೊಲದ ಬೇಳೆ ಉಂಡು, ಆ ಬಿಸಿಲಿನ ಬೆಳಕಿನಲ್ಲಿ ಪತ್ರಿಕೆ ಓದುವ ನಾವೇ ಕೇಳಬೇಕು.