ಅಂತ್ಯಕಾಲದ ದಾಸೋಹ

ಕಾಯವು ಪ್ರಸಾದವೆಂಬುದು ಶರಣರ ನಿಲುವು. ಪ್ರಸಾದವನ್ನು ಚೆಲ್ಲಲಾಗದು, ಕರೆ ಬಂದಾಗ ಬಿಗಿಹಿಡಿಯಲೂ ಆಗದು.

ಕಲ್ಲೋಳಿಯ ಒಂದು ಮನೆಯಲ್ಲಿ ಮುಪ್ಪಿನ ತಾಯಿಯು ಗುಣವಾಗದ ಬೇನೆಯಿಂದ ಮಲಗಿರುವಳೆಂದು ಭಾವಿಸಬಹುದು. ಯಂತ್ರದಿಂದಲಾದರೂ ಉಸಿರನ್ನು ಉಳಿಸಬೇಕೆಂಬನು ಹಿರಿಯ ಮಗ. ಮನೆಗೆ ಕರೆತರಬೇಕೆಂಬನು ಕಿರಿಯ. ಇಬ್ಬರಲ್ಲಿಯೂ ಮಮತೆಯುಂಟು, ಆದರೆ ಬೇನೆಯನ್ನುಣ್ಣುವವಳು ತಾಯಿ. ಆಕೆಯ ಇಚ್ಛೆಯನ್ನು ಕೇಳುವುದೇ ಮೊದಲ ಧರ್ಮ.

ಆ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಮ್ಮತಿಸಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅದರ ಆಚರಣೆಗೆ ಆದೇಶವಿತ್ತಿತು. ಎರಡು ವೈದ್ಯಮಂಡಲಿಗಳು ಒಪ್ಪಿದಲ್ಲದೆ ಯಂತ್ರವನ್ನು ತೆಗೆಯುವಂತಿಲ್ಲ. ಮದ್ದಿಕ್ಕಿ ಕೊಲ್ಲುವುದಕ್ಕೆ ಅಲ್ಲಿ ಎಡೆಯೇ ಇಲ್ಲ.

ಯಂತ್ರ ನಿಂತರೂ ಸೇವೆ ನಿಲ್ಲಬಾರದು. ನೋವಿಗೆ ಔಷಧ, ಒಣಗಿದ ತುಟಿಗೆ ಹನಿ ನೀರು, ಹಣೆಗೆ ವಿಭೂತಿ, ಅಂಗೈಗೆ ಇಷ್ಟಲಿಂಗ, ಕಿವಿಗೆ ಪಂಚಾಕ್ಷರಿ: ಇದೇ ಕಡೆಯ ದಾಸೋಹ. ಭಕ್ತರು ಇದನ್ನರಿತು ನಡೆಯುವುದು ಲೇಸು.