ಗೋಪುರ ಕಟ್ಟುವ ಮುನ್ನ



ನಿಮ್ಮ ಮಗನೋ ಮಗಳೋ ಒಂದು ರಾತ್ರಿ ಊಟದ ಹೊತ್ತಿಗೆ, "ಅಪ್ಪಾ, ಇರುವ ಕೆಲಸ ಬಿಟ್ಟು ಗೆಳೆಯರೊಂದಿಗೆ ಸ್ವಂತ ಕಂಪನಿ ಆರಂಭಿಸುತ್ತೇನೆ" ಎಂದರೆ ನೀವೇನು ಹೇಳುವಿರಿ? ಮೊದಲು ಬಾಯಿಗೆ ಬರುವುದು ದುಡ್ಡಿನ ಪ್ರಶ್ನೆ. ಅದಕ್ಕೆ ಇಂದಿನ ಮಕ್ಕಳಲ್ಲಿ ಸಿದ್ಧ ಉತ್ತರವಿದೆ: "ಹೆಚ್ಚು ಬಂಡವಾಳ ಬೇಡಪ್ಪಾ. ಹತ್ತು ಜನರ ಕೆಲಸವನ್ನು ಕೃತಕ ಬುದ್ಧಿಮತ್ತೆಯೇ ಮಾಡುತ್ತದೆ. ನಾವು ಮೂವರೇ ಸಾಕು."

ಈ ಮಾತಿನಲ್ಲಿ ಸತ್ಯವಿದೆ. ಪತ್ರ ಬರೆಯುವುದು, ಗ್ರಾಹಕರಿಗೆ ಉತ್ತರಿಸುವುದು, ಕಂಪ್ಯೂಟರ್ ಪ್ರೋಗ್ರಾಂ ರಚಿಸುವುದು, ಇವುಗಳ ದೊಡ್ಡ ಪಾಲನ್ನು ಇಂದು ಯಂತ್ರ ಮಾಡಬಲ್ಲದು. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯಿತೇ?

ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಸಾಮತಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಪ್ರಭು ಯೇಸು ಅದನ್ನು ಹೇಳಿದ್ದು ತಮ್ಮ ಶಿಷ್ಯರಾಗುವವರು ತೆರಬೇಕಾದ ಬೆಲೆಯನ್ನು ಕುರಿತು. ಆದ್ದರಿಂದ ನಾವು ಹಾಕಬೇಕಾದುದು ಕೇವಲ ಹಣದ ಲೆಕ್ಕವಲ್ಲ, ಮನುಷ್ಯರ ಲೆಕ್ಕವೂ ಹೌದು.

ಧರ್ಮಸಭೆಗೆ ಈ ಲೆಕ್ಕ ಹೊಸದಲ್ಲ. ಕಾರ್ಖಾನೆಗಳ ಯುಗದಲ್ಲಿ, 1891ರಲ್ಲಿ, ಜಗದ್ಗುರು 13ನೇ ಲಿಯೋ ಅವರು 'ರೇರುಂ ನೊವಾರುಂ' ಎಂಬ ವಿಶ್ವಪರಿಪತ್ರದ ಮೂಲಕ ಕಾರ್ಮಿಕರ ನ್ಯಾಯವಾದ ಕೂಲಿಯ ಪರ ನಿಂತರು. 1981ರಲ್ಲಿ ಎರಡನೇ ಜಾನ್ ಪಾಲ್ ಅವರು ಕೆಲಸ ಇರುವುದು ಮನುಷ್ಯನಿಗಾಗಿಯೇ ಎಂದು ಬೋಧಿಸಿದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೇ ಲಿಯೋ ಅವರು, ಎರಡು ದಿನಗಳ ನಂತರ ಕಾರ್ಡಿನಲರ ಮುಂದೆ ತಮ್ಮ ಹೆಸರಿನ ಕಾರಣ ವಿವರಿಸುತ್ತಾ, 13ನೇ ಲಿಯೋ ಅವರನ್ನೂ ಕೃತಕ ಬುದ್ಧಿಮತ್ತೆ ಒಡ್ಡಿರುವ ಸವಾಲನ್ನೂ ನೆನೆದರು.

ಹಾಗಾದರೆ ಮೂವರೇ ಕಂಪನಿ ನಡೆಸುವುದು ಪಾಪವೇ? ಹಾಗೆನ್ನಲಾಗದು. ಹೊಲಕ್ಕೆ ಟ್ರ್ಯಾಕ್ಟರ್ ಬಂದಾಗ ರೈತನ ಬೆನ್ನು ಹಗುರಾಯಿತು, ಕೂಲಿಯಾಳಿನ ಕೆಲಸ ಹೋಯಿತು. ಎರಡೂ ನಿಜ. ಪ್ರಶ್ನೆ ಇರುವುದು, ಉಳಿತಾಯವಾದದ್ದು ಯಾರ ಕೈ ಸೇರಿತು ಎಂಬುದರಲ್ಲಿ.

ಯಂತ್ರ ತಾನಾಗಿಯೇ ಜಾಣವಾಗಲಿಲ್ಲ. ಅದಕ್ಕೆ ಕಲಿಸಿದವರು ಮನುಷ್ಯರು. ಚಾಟ್‌ಜಿಪಿಟಿ ಹೊಲಸು ಮಾತಾಡದಂತೆ ತಿದ್ದಲು ಕೀನ್ಯಾದ ಕೆಲಸಗಾರರು ಕ್ರೌರ್ಯ, ಅಶ್ಲೀಲಗಳ ಬರಹವನ್ನು ದಿನವಿಡೀ ಓದಿ ಗುರುತು ಹಾಕಿದರೆಂದೂ, ಅವರ ಕೈಗೆ ಬಂದದ್ದು ಗಂಟೆಗೆ 2 ಡಾಲರಿಗಿಂತ ಕಡಿಮೆಯೆಂದೂ 2023ರ ಜನವರಿಯಲ್ಲಿ 'ಟೈಮ್' ಪತ್ರಿಕೆ ವರದಿ ಮಾಡಿತು. "ನಾವು ಮೂವರೇ" ಎನ್ನುವಾಗ ಇವರನ್ನು ಎಣಿಸಿದವರು ಯಾರು?

ಬೇರೆ ದಾರಿಯೂ ಇದೆ. ಬೆಂಗಳೂರಿನ 'ಕಾರ್ಯ' ಎಂಬ ಲಾಭರಹಿತ ಸಂಸ್ಥೆಗಾಗಿ ನಮ್ಮ ರಾಜ್ಯದ ಹಳ್ಳಿಗರು ಕ್ಷಯರೋಗದ ಕುರಿತ ಕನ್ನಡ ವಾಕ್ಯಗಳನ್ನು ಫೋನಿಗೆ ಓದಿಕೊಟ್ಟರು. 2023ರಲ್ಲಿ ಅವರಿಗೆ ಗಂಟೆಗೆ ಸುಮಾರು 5 ಡಾಲರ್ ಸಿಗುತ್ತಿತ್ತು. ಅದೇ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಹಣ ಸಲ್ಲುವ ಏರ್ಪಾಡಿತ್ತು. ಮನಸ್ಸಿದ್ದರೆ ನ್ಯಾಯಕ್ಕೂ ಲೆಕ್ಕದಲ್ಲಿ ಜಾಗ ಸಿಗುತ್ತದೆ.

ಇನ್ನೊಂದು ಮಾತು. ಯಂತ್ರ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುತ್ತದೆ. ರೋಗಿಗೆ ತಪ್ಪು ಔಷಧಿ ಸೂಚಿಸಿದರೆ, ಬಡವನ ಸಾಲದ ಅರ್ಜಿಯನ್ನು ಕಾರಣವಿಲ್ಲದೆ ತಳ್ಳಿಹಾಕಿದರೆ, "ಅದು ಕಂಪ್ಯೂಟರ್ ಮಾಡಿದ್ದು" ಎಂದು ಕೈತೊಳೆದುಕೊಳ್ಳುವುದು ಸುಲಭ. ಪಿಲಾತನೂ ಕೈತೊಳೆದ. ಪಾಪನಿವೇದನೆಗೆ ಯಂತ್ರ ಬರುವುದಿಲ್ಲ, ನಾವೇ ಬರಬೇಕು.

ಆದ್ದರಿಂದ ತಂದೆತಾಯಿಗಳೇ, ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಜಪಸರ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತು ಕೇಳಿ: ಮಗೂ, ನೀನು ಕಟ್ಟುವುದರಿಂದ ಯಾರ ಹೊರೆ ಇಳಿಯುತ್ತದೆ? ಯಾರ ಅನ್ನ ಹೋಗುತ್ತದೆ? ತಪ್ಪಾದರೆ ಯಾರು ಎದ್ದುನಿಂತು "ನಾನೇ ಹೊಣೆ" ಎನ್ನುತ್ತೀರಿ? ಭಾನುವಾರದ ಬಲಿಪೂಜೆಗೂ ಮನೆಯವರೊಂದಿಗೆ ಒಂದು ಊಟಕ್ಕೂ ನಿನ್ನ ದಿನದಲ್ಲಿ ಬಿಡುವಿದೆಯೇ?

ಉತ್ತರ ಸಿಕ್ಕರೆ ಹರಸಿ ಕಳುಹಿಸಿ. ತಂಗಿಯ ಓದಿಗೆ ಕೂಡಿಟ್ಟ ಹಣವನ್ನು ಮಾತ್ರ ಪಣಕ್ಕಿಡಬೇಡಿ. ಹೊಸ ಕಂಪನಿಗಳಲ್ಲಿ ಅನೇಕವು ಮುಚ್ಚಿಹೋಗುತ್ತವೆ. ಒಂದು ದಿನ ಮಗ ಸೋತು ತಲೆತಗ್ಗಿಸಿ ಬಂದರೆ, ಹಣದ ಲೆಕ್ಕ ಕೇಳುವ ಮೊದಲು ಊಟಕ್ಕೆ ಬಡಿಸಿ. ಆ ಬಾಗಿಲು ತೆರೆದಿದೆಯೆಂದು ತಿಳಿದವನು, ದುಡಿಯುವಾಗಲೂ ಇನ್ನೊಬ್ಬರ ಮೇಲೆ ಬಾಗಿಲು ಹಾಕಲಾರ.